ಚಪ್ಪಟೆ ಪಾದ, ಒಳ ಅಟ್ಟೆ ಮತ್ತು ನಡಿಗೆ: ಎಂಟನೆಯ ತರಗತಿಗೆ ಎರಡು ಅವಧಿಯ ಬೋಧನಾಭ್ಯಾಸ ಪಾಠ

ಪೀಠಿಕೆ

ಬೋಧನಾಭ್ಯಾಸಕ್ಕೆಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಶಾಲೆಗಳಿಗೆ ಹೋಗುವ ವಿಜ್ಞಾನ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ‘ಬಲ ಮತ್ತು ಒತ್ತಡ’ ಪಾಠವನ್ನು ಆರಿಸಿಕೊಳ್ಳುತ್ತಾರೆ. ಮೊಳೆಯ ಮೊನೆ, ಚಾಕುವಿನ ಅಲಗು, ಹೊರೆ ಹೊರುವವರ ತಲೆಯ ಮೇಲಿನ ಸಿಂಬಿ ಎಂಬ ಮೂರು ಉದಾಹರಣೆಗಳೊಂದಿಗೆ ಪಾಠ ಮುಗಿಯುತ್ತದೆ. ತರಗತಿಯ ಬಹುತೇಕ ಮಕ್ಕಳು ತಮ್ಮೊಡನೆಯೇ ತರುವ ಉದಾಹರಣೆಯೊಂದು ಉಳಿದುಹೋಗುತ್ತದೆ. ಅದು ಪಾದ.

ಪಾದವನ್ನು ಪಾಠವಾಗಿಸಲು ಇನ್ನೊಂದು ಕಾರಣವೂ ಇದೆ. ‘ನಿಮ್ಮ ಮಗುವಿನ ಪಾದ ಚಪ್ಪಟೆ, ಈ ಇನ್‌ಸೋಲ್ ಹಾಕಿಸಿದರೆ ಸರಿಹೋಗುತ್ತದೆ’ ಎಂಬ ಮಾತನ್ನು ಅಂಗಡಿಯಲ್ಲಿ ಕೇಳಿದ ಪೋಷಕರು ನಿಜವೇ ಎಂದು ಮೇಷ್ಟ್ರನ್ನೇ ಕೇಳುತ್ತಾರೆ. ಸೇನೆಗೆ ಸೇರುವ ಆಸೆಯಿರುವ ಹುಡುಗ ಅಲ್ಲಿನ ವೈದ್ಯಕೀಯ ತಪಾಸಣೆಯಲ್ಲಿ ಪಾದವನ್ನೂ ನೋಡುತ್ತಾರೆಂದು ತಿಳಿದು ಗಾಬರಿಯಾಗುತ್ತಾನೆ. ಆಟದ ಮೈದಾನದಲ್ಲಿ ಒಂದು ಮಗುವಿನ ನಡಿಗೆಯನ್ನು ಉಳಿದವರು ಬಾತುಕೋಳಿಗೆ ಹೋಲಿಸಿ ನಗುತ್ತಾರೆ. ಈ ಮೂರೂ ಸಂದರ್ಭಗಳಲ್ಲಿ ಶಿಕ್ಷಕರು ಹೇಳುವ ಒಂದು ಮಾತಿನಿಂದ ಮನೆಯ ಹಣವೂ ಮಗುವಿನ ಮನಸ್ಸೂ ಉಳಿಯಬಹುದು ಅಥವಾ ಕೆಡಬಹುದು. ಆದುದರಿಂದ ವಿಷಯವನ್ನು ಮೊದಲು ನಾವು ಸರಿಯಾಗಿ ತಿಳಿದುಕೊಳ್ಳೋಣ.

ಪಾಠದ ವಿವರ

ತರಗತಿ: 8. ಅವಧಿ: ತಲಾ 40 ನಿಮಿಷಗಳ 2 ಅವಧಿ.
ಪೂರ್ವಜ್ಞಾನ: ಮೂಳೆ ಮತ್ತು ಕೀಲು; ಒತ್ತಡವೆಂದರೆ ಏಕಮಾನ ವಿಸ್ತೀರ್ಣದ ಮೇಲಿನ ಬಲ; ಚೌಕ ಎಣಿಸಿ ಅನಿಯತ ಆಕೃತಿಯ ವಿಸ್ತೀರ್ಣ ಕಂಡುಹಿಡಿಯುವುದು; ಅನುಪಾತ.
ಬೋಧನೋಪಕರಣ: 1 ಸೆಂ.ಮೀ. ಚೌಕಗಳಿರುವ ಕಾಗದ, ನೀರು ತುಂಬಿದ ತಟ್ಟೆ, ಹಳೆಯ ಬಟ್ಟೆ, ಪೆನ್ಸಿಲ್, ದಪ್ಪ ರಟ್ಟಿನ ಪಟ್ಟಿ, ದಾರ, ಸೀಮೆಸುಣ್ಣದ ಡಬ್ಬಿ.
ಕಲಿಕಾ ಫಲ: ವಿದ್ಯಾರ್ಥಿಯು ಪಾದದ ಕಮಾನಿನ ಕೆಲಸವನ್ನು ವಿವರಿಸುತ್ತಾನೆ/ಳೆ, ಪಾದಮುದ್ರೆಯಿಂದ ಕಮಾನು ಸೂಚ್ಯಂಕವನ್ನು ಲೆಕ್ಕ ಹಾಕುತ್ತಾನೆ/ಳೆ, ಒಳ ಅಟ್ಟೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬೇರ್ಪಡಿಸಿ ಹೇಳುತ್ತಾನೆ/ಳೆ, ನ್ಯಾಯವಾದ ಹೋಲಿಕೆಯ ಪ್ರಯೋಗವನ್ನು ಯೋಜಿಸುತ್ತಾನೆ/ಳೆ.

ಬೋಧಕರಿಗೆ ವಿಷಯ ಹಿನ್ನೆಲೆ

1. ಕಮಾನು

ಒಂದು ಪಾದದಲ್ಲಿ 26 ಮೂಳೆಗಳಿವೆ: ಹಿಮ್ಮಡಿ ಮತ್ತು ನಡುಪಾದದಲ್ಲಿ 7, ಅದರ ಮುಂದೆ 5, ಬೆರಳುಗಳಲ್ಲಿ 14. ಇವು ನೆಲದ ಮೇಲೆ ಹಾಸಿದ ಚಪ್ಪಡಿಯಂತೆ ಕೂತಿಲ್ಲ. ಒಳಬದಿಯಲ್ಲಿ ಉದ್ದಕ್ಕೆ ಎತ್ತರದ ಕಮಾನು, ಹೊರಬದಿಯಲ್ಲಿ ತಗ್ಗಿನ ಕಮಾನು, ಅಡ್ಡಕ್ಕೆ ಇನ್ನೊಂದು ಕಮಾನು ಹೀಗೆ ನಿಂತಿವೆ. ಕಲ್ಲಿನ ಕಮಾನನ್ನು ಕಲ್ಲುಗಳ ಆಕಾರ ಮತ್ತು ಎರಡು ಬದಿಯ ಆನಿಕೆ ಹಿಡಿದಿಡುತ್ತವೆ. ಪಾದದ ಕಮಾನಿಗೆ ಮೂಳೆಗಳ ಆಕಾರದ ಜೊತೆಗೆ ಕಟ್ಟುಗಳೂ ಬೇಕು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದಿರುವ ಅಂಗಾಲಿನ ತಂತುಪಟ್ಟಿ, ಮೂಳೆಯಿಂದ ಮೂಳೆಗೆ ಕಟ್ಟಿದ ಅಸ್ಥಿರಜ್ಜುಗಳು, ಮೀನಖಂಡದ ಆಳದಿಂದ ಹೊರಟು ಹರಡಿನ ಒಳಗಂಟಿನ ಹಿಂದೆ ಹಾದು ನಡುಪಾದವನ್ನು ಮೇಲಕ್ಕೆಳೆಯುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯು, ಇವು ಮುಖ್ಯವಾದವು.

ಒಳಬದಿಯ ಕಮಾನು ನಿಂತಾಗ ನೆಲಕ್ಕೆ ತಾಗುವಷ್ಟು ತಗ್ಗಿದ್ದರೆ ಅದು ಚಪ್ಪಟೆ ಪಾದ. ಇದರಲ್ಲಿ ಎರಡು ಬಗೆ. ಬಳುಕುವ ಚಪ್ಪಟೆ ಪಾದದಲ್ಲಿ ಕೂತಾಗ ಅಥವಾ ತುದಿಗಾಲಲ್ಲಿ ನಿಂತಾಗ ಕಮಾನು ಮತ್ತೆ ಕಾಣುತ್ತದೆ. ಮಕ್ಕಳಲ್ಲಿ ಬಹುಪಾಲು ಇದೇ ಬಗೆ. ಪೆಡಸಾದ ಚಪ್ಪಟೆ ಪಾದದಲ್ಲಿ ಹೇಗೆ ನಿಂತರೂ ಕಮಾನು ಕಾಣುವುದಿಲ್ಲ. ಎರಡು ಮೂಳೆಗಳು ಹುಟ್ಟಿನಿಂದ ಕೂಡಿಕೊಂಡಿರುವುದು ಇದಕ್ಕೆ ಒಂದು ಕಾರಣ. ಎಳೆಯ ಮಕ್ಕಳ ಪಾದ ಚಪ್ಪಟೆಯಾಗಿಯೇ ಇರುತ್ತದೆ. ಮೊದಲ ಹತ್ತು ವರ್ಷಗಳಲ್ಲಿ ಕಮಾನು ತಾನಾಗಿ ಏಳುತ್ತದೆ. ಒಂದನೆಯ ತರಗತಿಯ ಮಗುವಿನ ಪಾದ ನೋಡಿ ದೊಡ್ಡವರ ಅಳತೆಯಲ್ಲಿ ತೀರ್ಪು ಕೊಡಬಾರದು ಎಂಬುದಕ್ಕೆ ಇದೇ ಕಾರಣ.

2. ನಡಿಗೆ

ನಡಿಗೆಯ ಒಂದು ಚಕ್ರವೆಂದರೆ ಒಂದು ಹಿಮ್ಮಡಿ ನೆಲಕ್ಕೆ ತಾಗಿದಲ್ಲಿಂದ ಅದೇ ಹಿಮ್ಮಡಿ ಮತ್ತೆ ತಾಗುವವರೆಗೆ. ಇದರಲ್ಲಿ ಸುಮಾರು ಶೇ 60 ಭಾಗ ಆ ಪಾದ ನೆಲದ ಮೇಲಿರುತ್ತದೆ, ಶೇ 40 ಭಾಗ ಗಾಳಿಯಲ್ಲಿ ಬೀಸುತ್ತದೆ. ನೆಲದ ಮೇಲಿರುವ ಹೊತ್ತಿನಲ್ಲಿ ಪಾದ ಎರಡು ವಿರುದ್ಧ ಕೆಲಸಗಳನ್ನು ಮಾಡುತ್ತದೆ. ಮೊದಲು ಹಿಮ್ಮಡಿ ಕೊಂಚ ಹೊರಕ್ಕೆ ಮಗುಚಿ, ಕಮಾನು ತಗ್ಗಿ, ಪಾದ ಸಡಿಲವಾಗುತ್ತದೆ. ಇದರಿಂದ ಆಘಾತ ಕಡಿಮೆಯಾಗುತ್ತದೆ, ಏರುತಗ್ಗಿನ ನೆಲಕ್ಕೂ ಪಾದ ಹೊಂದಿಕೊಳ್ಳುತ್ತದೆ. ಆಮೇಲೆ ಹಿಮ್ಮಡಿ ಏಳುವಾಗ ಪಾದ ಬಿಗಿಯಾಗಿ ಸನ್ನೆಯಾಗುತ್ತದೆ; ದೇಹವನ್ನು ಮುಂದಕ್ಕೆ ತಳ್ಳುತ್ತದೆ.

ಸಡಿಲವಾಗಿದ್ದುದು ಬಿಗಿಯಾಗುವುದು ಹೇಗೆ? ಹಿಮ್ಮಡಿ ಎದ್ದಾಗ ಹೆಬ್ಬೆರಳು ಮೇಲಕ್ಕೆ ಬಾಗುತ್ತದೆ. ಆಗ ಅಂಗಾಲಿನ ತಂತುಪಟ್ಟಿ ಬೆರಳಿನ ಬುಡಕ್ಕೆ ಸುತ್ತಿಕೊಂಡು ಗಿಡ್ಡವಾಗುತ್ತದೆ, ಕಮಾನು ಏಳುತ್ತದೆ. ಇದನ್ನು 1954ರಲ್ಲಿ ಹಿಕ್ಸ್ ಎಂಬವರು ಭಾರ ಎತ್ತುವ ರಾಟೆಯ ಕೆಲಸಕ್ಕೆ ಹೋಲಿಸಿ ವಿವರಿಸಿದರು. ರೇಷ್ಮೆ ಬಿಚ್ಚುವ ರಾಟೆಗೆ ನೂಲು ಸುತ್ತಿಕೊಳ್ಳುವುದನ್ನು ಕಂಡಿರುವ ರಾಮನಗರದ ಮಕ್ಕಳಿಗೆ ಈ ಹೋಲಿಕೆ ಬೇಗ ಹಿಡಿಸುತ್ತದೆ.

ಚಪ್ಪಟೆ ಪಾದದವರಲ್ಲಿ ಮೊದಲ ಕೆಲಸ ಹೆಚ್ಚು, ಎರಡನೆಯದು ತಡ. ಹಿಮ್ಮಡಿ ಹೆಚ್ಚು ಮಗುಚುತ್ತದೆ, ಅದರೊಡನೆ ಮೊಣಕಾಲಿನ ಕೆಳಗಿನ ಮೂಳೆಯೂ ಒಳಕ್ಕೆ ತಿರುಗುತ್ತದೆ, ಕಮಾನನ್ನು ಎಳೆದು ಹಿಡಿಯುವ ಸ್ನಾಯುವಿಗೆ ದುಡಿಮೆ ಹೆಚ್ಚುತ್ತದೆ. ಕೆಲವರಿಗೆ ಇದರಿಂದ ಆಯಾಸ, ನೋವು ಬರುತ್ತದೆ. ಅನೇಕರಿಗೆ ಏನೂ ಆಗುವುದಿಲ್ಲ. ಕೆನಡಾದ ಸೈನಿಕರ ಪಾದಗಳನ್ನು ಪರೀಕ್ಷಿಸಿ 1947ರಲ್ಲಿ ವರದಿ ಕೊಟ್ಟ ಹ್ಯಾರಿಸ್ ಮತ್ತು ಬೀತ್, ಬಳುಕುವ ಚಪ್ಪಟೆ ಪಾದವನ್ನು ಬಲವಾದ, ಸ್ಥಿರವಾದ ಪಾದದ ಒಂದು ಸಹಜ ರೂಪವೆಂದೇ ಕಂಡರು. ತೊಂದರೆ ಕೊಡುತ್ತಿದ್ದುದು ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗಿದ್ದ ಪಾದಗಳು.

3. ಒಳ ಅಟ್ಟೆ

ಕಮಾನಿನ ಕೆಳಗೆ ಉಬ್ಬು, ಹಿಮ್ಮಡಿಗೆ ಬಟ್ಟಲಿನಂಥ ಕುಳಿ ಇರುವ ಒಳ ಅಟ್ಟೆಯನ್ನು ಶೂಗೆ ಹಾಕಿದಾಗ ಏನಾಗುತ್ತದೆ? ಪ್ರಶಿಕ್ಷಣಾರ್ಥಿಗಳ ಮೊದಲ ಉತ್ತರ ಸಾಮಾನ್ಯವಾಗಿ ‘ವಿಸ್ತೀರ್ಣ ಹೆಚ್ಚಿತು, ಒತ್ತಡ ಕಡಿಮೆಯಾಯಿತು’ ಎಂದಿರುತ್ತದೆ. ಇದು ಅರ್ಧ ಮಾತ್ರ ಸರಿ. ಹಿಮ್ಮಡಿಗೂ ಬೆರಳುಗಳ ಬುಡಕ್ಕೂ ಬೀಳುವ ಹೆಚ್ಚಿನ ಒತ್ತಡದಲ್ಲಿ ಒಂದು ಪಾಲು ನಡುಪಾದಕ್ಕೆ ಹಂಚಿಹೋಗುವುದು ನಿಜ. ಆದರೆ ಚಪ್ಪಟೆ ಪಾದ ನೆಲಕ್ಕೆ ತಾಗುವ ವಿಸ್ತೀರ್ಣ ಮೊದಲೇ ಹೆಚ್ಚು. ವಿಸ್ತೀರ್ಣವೊಂದೇ ಲೆಕ್ಕವಾದರೆ ಚಪ್ಪಟೆ ಪಾದದವರಿಗೆ ಒಳ ಅಟ್ಟೆ ಬೇಕೇ ಇರಲಿಲ್ಲ.

ಉಳಿದರ್ಧ ಬಲದ ತಿರುಗಿಸುವ ಪರಿಣಾಮದಲ್ಲಿದೆ. ಒಳಬದಿಯ ಉಬ್ಬು ನೆಲದ ಪ್ರತಿಬಲವನ್ನು ಕೊಂಚ ಒಳಬದಿಗೆ ಸರಿಸುತ್ತದೆ. ಹಿಮ್ಮಡಿ ಮಗುಚುವುದಕ್ಕೆ ಅಡ್ಡಿಯಾಗುತ್ತದೆ. ಸ್ನಾಯು ಎಳೆದು ಮಾಡಬೇಕಿದ್ದ ಕೆಲಸದಲ್ಲಿ ಒಂದು ಪಾಲನ್ನು ಅಟ್ಟೆ ಕೆಳಗಿನಿಂದ ಎತ್ತಿಹಿಡಿದು ಮಾಡುತ್ತದೆ. ನಡಿಗೆಯನ್ನು ಅಳೆಯುವ ಪ್ರಯೋಗಾಲಯಗಳಲ್ಲಿ ಕಂಡಿರುವುದೂ ಇದೇ: ಹಿಮ್ಮಡಿಯ ಮಗುಚುವಿಕೆ ಸರಾಸರಿ ಕೆಲವೇ ಡಿಗ್ರಿಗಳಷ್ಟು ಕಡಿಮೆಯಾಗುತ್ತದೆ, ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿನ ಚಟುವಟಿಕೆ ಇಳಿಯುತ್ತದೆ. ನಡಿಗೆಯ ವೇಗ, ಹೆಜ್ಜೆಯ ಉದ್ದ ಇವುಗಳಲ್ಲಿ ದೊಡ್ಡ ವ್ಯತ್ಯಾಸ ಎಲ್ಲರಲ್ಲೂ ಕಾಣುವುದಿಲ್ಲ. ನೋವಿರುವವರಿಗೆ ಆ ಕೆಲವು ಡಿಗ್ರಿಗಳೇ ಹಿತ ಕೊಡಬಹುದು.

ಈ ಎಲ್ಲ ಪರಿಣಾಮ ಅಟ್ಟೆ ಕಾಲಿನ ಕೆಳಗಿರುವ ತನಕ. ಅಟ್ಟೆಯಿಂದ ಕಮಾನು ಬೆಳೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅಮೆರಿಕದಲ್ಲಿ ವೆಂಗರ್ ಮತ್ತು ಸಂಗಡಿಗರು ಬಳುಕುವ ಚಪ್ಪಟೆ ಪಾದವಿದ್ದ 129 ಎಳೆಯ ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಚಿಕಿತ್ಸೆಯಿಲ್ಲ. ಉಳಿದವಕ್ಕೆ ವಿಶೇಷ ಶೂ, ಹಿಮ್ಮಡಿ ಬಟ್ಟಲು, ಅಚ್ಚು ತೆಗೆದು ಮಾಡಿದ ಒಳ ಅಟ್ಟೆ. ಮೂರು ವರ್ಷಗಳ ಬಳಿಕ, ಕೊನೆಯವರೆಗೆ ಉಳಿದ 98 ಮಕ್ಕಳಲ್ಲಿ ಎಲ್ಲ ಗುಂಪಿನವರ ಪಾದವೂ ಸುಧಾರಿಸಿತ್ತು. ಚಿಕಿತ್ಸೆ ಇಲ್ಲದ ಗುಂಪಿಗೂ ಉಳಿದವಕ್ಕೂ ಗಣನೀಯ ವ್ಯತ್ಯಾಸವಿರಲಿಲ್ಲ. ಇದು 1989ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಿಲ್ಲದ ಗುಂಪು ಇರದಿದ್ದರೆ ಸುಧಾರಣೆಯ ಕೀರ್ತಿಯೆಲ್ಲ ಅಟ್ಟೆಗೇ ಹೋಗುತ್ತಿತ್ತು. ನಿಯಂತ್ರಣ ಗುಂಪು ಏಕೆ ಬೇಕು ಎಂಬುದನ್ನು ಕಲಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

4. ಮಣಿಪಾಲದ ಅಧ್ಯಯನ

ಈ ವಿಷಯದಲ್ಲಿ ಜಗತ್ತಿನೆಲ್ಲೆಡೆ ಉಲ್ಲೇಖಗೊಳ್ಳುವ ಒಂದು ಅಧ್ಯಯನ ನಮ್ಮ ರಾಜ್ಯದ್ದೇ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಪಾದಮುದ್ರೆಗಳನ್ನು ಪರಿಶೀಲಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ 8.6, ತೊಡದ ಮಕ್ಕಳಲ್ಲಿ ಶೇ 2.8 ಮಂದಿಗೆ ಚಪ್ಪಟೆ ಪಾದವಿತ್ತು. ಬೆರಳು ಮುಚ್ಚುವ ಶೂ ತೊಡುವವರಲ್ಲಿ ಹೆಚ್ಚು, ಸ್ಯಾಂಡಲ್ ಅಥವಾ ಚಪ್ಪಲಿ ತೊಡುವವರಲ್ಲಿ ಕಡಿಮೆ, ಬರಿಗಾಲಿನವರಲ್ಲಿ ತೀರ ಕಡಿಮೆ. 1995ರಲ್ಲಿ ಜೋಸೆಫ್ ಅವರು ವಿ. ಸಚ್ಚಿದಾನಂದಂ ಅವರೊಡನೆ ಬೆಳವಣಿಗೆ ಪೂರ್ಣವಾದ 1846 ಜನರ ಮುದ್ರೆಗಳನ್ನು ನೋಡಿದಾಗಲೂ ಇದೇ ದಿಕ್ಕು ಕಂಡಿತು: 6 ವರ್ಷಕ್ಕೆ ಮೊದಲೇ ಶೂ ತೊಡಲು ಆರಂಭಿಸಿದವರಲ್ಲಿ ಶೇ 3.24, 16ನೆಯ ವಯಸ್ಸಿನಲ್ಲಿ ಆರಂಭಿಸಿದವರಲ್ಲಿ ಶೇ 1.75.

2015–16ರಿಂದ ‘ಶೂ ಭಾಗ್ಯ’ದಡಿ ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ, ಕಾಲುಚೀಲ ವಿತರಿಸುತ್ತಿರುವ ನಾಡಿನಲ್ಲಿ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಇದು ಪಾದಮುದ್ರೆಯ ಸಮೀಕ್ಷೆ. ಯಾರಿಗೆ ನೋವಿತ್ತು, ಯಾರು ಹೇಗೆ ನಡೆಯುತ್ತಿದ್ದರು ಎಂಬುದನ್ನು ಮುದ್ರೆ ಹೇಳುವುದಿಲ್ಲ. ಶೂ ತೊಡುವ ಮಕ್ಕಳೂ ತೊಡದ ಮಕ್ಕಳೂ ಬೇರೆ ವಿಷಯಗಳಲ್ಲೂ ಭಿನ್ನರಾಗಿರಬಹುದು. ಶೂ ತೊಟ್ಟ 1000 ಮಕ್ಕಳಲ್ಲಿ 914 ಮಂದಿಗೆ ಚಪ್ಪಟೆ ಪಾದ ಇರುವುದಿಲ್ಲ ಎಂಬುದೂ ಅದೇ ಅಂಕಿಯೊಳಗಿದೆ. ಅಲ್ಲದೆ ಮುಳ್ಳು, ಗಾಜಿನ ಚೂರು, ಕೊಕ್ಕೆಹುಳು, ಏಪ್ರಿಲ್ ಬಿಸಿಲಿನ ಬಂಡೆ ಇವುಗಳಿಂದ ಶೂ ಕಾಪಾಡುತ್ತದೆ. ಹಾಗಾಗಿ ‘ಶೂ ಬೇಡ’ ಎಂಬ ತೀರ್ಮಾನಕ್ಕೆ ಜಿಗಿಯುವಂತಿಲ್ಲ. ತೆಗೆದುಕೊಳ್ಳಬಹುದಾದ ಪಾಠ ಇಷ್ಟು: ಮಗುವನ್ನು ನಿಲ್ಲಿಸಿ ಅಳತೆ ತೆಗೆಯಿರಿ, ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಲಿ; ಬೆರಳಿನ ಬುಡದಲ್ಲಿ ಬಾಗುವ ಅಟ್ಟೆ ಇರಲಿ; ಶುಚಿಯಾದ ನೆಲದ ಮೇಲೆ, ತರಗತಿಯೊಳಗೆ, ಮನೆಯಲ್ಲಿ ಬರಿಗಾಲಿನ ಹೊತ್ತೂ ಇರಲಿ.

ಮೊದಲ ಅವಧಿ: ಪಾದಮುದ್ರೆ

ತೊಡಗಿಸುವಿಕೆ: ಪ್ರಶಿಕ್ಷಣಾರ್ಥಿ ತನ್ನ ಒದ್ದೆ ಪಾದವನ್ನು ಕಾಗದದ ಮೇಲಿಟ್ಟು ಮುದ್ರೆ ತೋರಿಸಬೇಕು. ‘ಪಾದ ಪೂರ್ತಿ ನೆಲದ ಮೇಲಿತ್ತಲ್ಲ, ಇಲ್ಲಿ ಖಾಲಿ ಜಾಗ ಏಕೆ?’ ಎಂಬ ಪ್ರಶ್ನೆ ಸಾಕು. ಪ್ರಶಿಕ್ಷಣಾರ್ಥಿಯ ಪಾದವೇ ಚಪ್ಪಟೆಯಾಗಿದ್ದರೆ ಪಾಠಕ್ಕೆ ಇನ್ನೂ ಒಳ್ಳೆಯದು.

ಅನ್ವೇಷಣೆ: ಇಚ್ಛೆಯಿರುವ ಮಕ್ಕಳು ಪಾದವನ್ನು ಒದ್ದೆ ಮಾಡಿ, ಬಟ್ಟೆಗೆ ಒಮ್ಮೆ ಒತ್ತಿ, ಚೌಕದ ಕಾಗದದ ಮೇಲೆ ಎರಡೂ ಕಾಲಿನ ಮೇಲೆ ಸಮವಾಗಿ ಭಾರ ಹಾಕಿ ನಿಲ್ಲುತ್ತಾರೆ. ನೀರು ಆರುವ ಮೊದಲು ಅಂಚಿನ ಗುಂಟ ಪೆನ್ಸಿಲ್ ಗೆರೆ ಎಳೆಯಬೇಕು. ಬೆರಳುಗಳ ಮುದ್ರೆಯನ್ನು ಬಿಟ್ಟು, ಹಿಮ್ಮಡಿಯ ತುದಿಯಿಂದ ಪಾದದ ಮುಂಗದ್ದುಗೆಯ ತುದಿವರೆಗಿನ ಉದ್ದವನ್ನು ಮೂರು ಸಮಭಾಗ ಮಾಡಿ, ಪ್ರತಿ ಭಾಗದ ಚೌಕಗಳನ್ನು ಎಣಿಸಬೇಕು. ನಡುಭಾಗದ ವಿಸ್ತೀರ್ಣವನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಕಮಾನು ಸೂಚ್ಯಂಕ ಸಿಗುತ್ತದೆ. ಕವಾನಾ ಮತ್ತು ರಾಜರ್ಸ್ 1987ರಲ್ಲಿ ಸೂಚಿಸಿದ ವಿಧಾನವಿದು. ಅವರ ವಿಂಗಡಣೆಯಲ್ಲಿ 0.21ಕ್ಕಿಂತ ಕಡಿಮೆ ಎತ್ತರದ ಕಮಾನು, 0.21ರಿಂದ 0.26 ಸಾಮಾನ್ಯ, 0.26ಕ್ಕಿಂತ ಹೆಚ್ಚು ತಗ್ಗಿನ ಕಮಾನು.

ಕಪ್ಪುಹಲಗೆಯ ಮೇಲೆ ಬಿಡಿಸಲು ಮಾದರಿ ಲೆಕ್ಕ:
ಮುದ್ರೆ ‘ಅ’: ಹಿಂಭಾಗ 28, ನಡು 22, ಮುಂಭಾಗ 40, ಒಟ್ಟು 90 ಚ.ಸೆಂ.ಮೀ. 22 ÷ 90 = 0.24. ಸಾಮಾನ್ಯ.
ಮುದ್ರೆ ‘ಆ’: ಹಿಂಭಾಗ 28, ನಡು 32, ಮುಂಭಾಗ 40, ಒಟ್ಟು 100 ಚ.ಸೆಂ.ಮೀ. 32 ÷ 100 = 0.32. ತಗ್ಗಿನ ಕಮಾನು.

ಈಗ ಒತ್ತಡದ ಪ್ರಶ್ನೆ: 400 ನ್ಯೂಟನ್ ತೂಕದ ವ್ಯಕ್ತಿಯ ಭಾರವೆಲ್ಲ ಒಂದು ಪಾದದ ಮೇಲಿದ್ದರೆ ಯಾವ ಮುದ್ರೆಯಲ್ಲಿ ಸರಾಸರಿ ಒತ್ತಡ ಕಡಿಮೆ? ‘ಅ’ದಲ್ಲಿ ಚ.ಸೆಂ.ಮೀ.ಗೆ ಸುಮಾರು 4.4 ನ್ಯೂಟನ್, ‘ಆ’ದಲ್ಲಿ 4. ಚಪ್ಪಟೆ ಪಾದದಲ್ಲೇ ಕಡಿಮೆ! ‘ಹಾಗಿದ್ದರೆ ಚಪ್ಪಟೆ ಪಾದವಿರುವ ಕೆಲವರಿಗೆ ಆಯಾಸವೇಕೆ?’ ಎಂಬ ಪ್ರಶ್ನೆಯನ್ನು ಉತ್ತರಿಸದೆ ಬಿಟ್ಟು ಅವಧಿ ಮುಗಿಸಬೇಕು. ಮಕ್ಕಳು ಮನೆಗೆ ಕೊಂಡೊಯ್ಯಬೇಕಾದದ್ದು ಈ ಪ್ರಶ್ನೆಯನ್ನೇ.

ಎರಡನೆಯ ಅವಧಿ: ರಟ್ಟಿನ ಕಮಾನು

ವಿವರಣೆ: 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ರಟ್ಟಿನ ಪಟ್ಟಿಯನ್ನು ಬಾಗಿಸಿ ಮೇಜಿನ ಮೇಲೆ ಕಮಾನಿನಂತೆ ನಿಲ್ಲಿಸಿ, ಮೇಲೆ ಸೀಮೆಸುಣ್ಣದ ಡಬ್ಬಿ ಇಡಬೇಕು. ತುದಿಗಳು ಜಾರಿ ಕಮಾನು ಕುಸಿಯುತ್ತದೆ. ಎರಡು ತುದಿಗೆ ರಂಧ್ರ ಮಾಡಿ ದಾರ ಕಟ್ಟಿದರೆ ಅದೇ ಭಾರಕ್ಕೆ ಕಮಾನು ನಿಲ್ಲುತ್ತದೆ. ದಾರವೇ ಅಂಗಾಲಿನ ತಂತುಪಟ್ಟಿ. ದಾರವನ್ನು ಸಡಿಲ ಕಟ್ಟಿದರೆ ಕಮಾನು ತಗ್ಗುತ್ತದೆ. ಇದು ಬಳುಕುವ ಚಪ್ಪಟೆ ಪಾದ. ಈಗ ಕಮಾನಿನ ಕೆಳಗೆ ಮಡಿಸಿದ ಬಟ್ಟೆ ಇಟ್ಟರೆ ಕುಸಿತ ಕಡಿಮೆಯಾಗುತ್ತದೆ, ದಾರದ ಎಳೆತವೂ ಇಳಿಯುತ್ತದೆ. ಬಟ್ಟೆಯೇ ಒಳ ಅಟ್ಟೆ. ಕೊನೆಗೆ ಬಟ್ಟೆಯನ್ನು ತೆಗೆದು, ‘ದಾರ ಬಿಗಿಯಾಯಿತೇ?’ ಎಂದು ಕೇಳಬೇಕು. ಇಲ್ಲ, ಕಮಾನು ಮತ್ತೆ ತಗ್ಗುತ್ತದೆ. ಆಸರೆ ಕೊಡುವುದಕ್ಕೂ ರಚನೆ ಬದಲಿಸುವುದಕ್ಕೂ ಇರುವ ವ್ಯತ್ಯಾಸ ಮಕ್ಕಳ ಕಣ್ಣೆದುರೇ ಇರುತ್ತದೆ. ಜೀವಂತ ಪಾದ ರಟ್ಟಿನಂತಲ್ಲ. ಅದು ಬೆಳೆಯುತ್ತದೆ, ಸ್ನಾಯು ಬಲಗೊಳ್ಳುತ್ತದೆ ಎಂಬ ಮಾದರಿಯ ಮಿತಿಯನ್ನೂ ಹೇಳಬೇಕು.

ವಿಸ್ತರಣೆ: ‘ಒಳ ಅಟ್ಟೆಯಿಂದ ನಡಿಗೆ ಬದಲಾಗುತ್ತದೆಯೇ? ಪ್ರಯೋಗ ಯೋಜಿಸಿ’ ಎಂದು ಗುಂಪುಗಳಿಗೆ ಕೊಡಬೇಕು. ಬಹುತೇಕ ಗುಂಪುಗಳು ಬರಿಗಾಲಿನ ನಡಿಗೆಯನ್ನು ಅಟ್ಟೆಯಿರುವ ಶೂನ ನಡಿಗೆಯೊಂದಿಗೆ ಹೋಲಿಸಲು ಮುಂದಾಗಬಹುದು. ಆಗ ಮೈದಾನದಲ್ಲಿ 20 ಮೀಟರ್ ಗುರುತು ಮಾಡಿ, ಬರಿಗಾಲಲ್ಲೂ ಅಟ್ಟೆಯಿಲ್ಲದ ಶೂನಲ್ಲೂ ಹೆಜ್ಜೆ ಎಣಿಸಲು ಹೇಳಿ. ಶೂ ತೊಟ್ಟಾಗ ಮಕ್ಕಳ ಹೆಜ್ಜೆ ಉದ್ದವಾಗುತ್ತದೆ, ಪಾದದ ಒಳಚಲನೆ ಕಡಿಮೆಯಾಗುತ್ತದೆ ಎಂಬುದು 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡ ಸಂಗತಿ. ಅಂದರೆ ಶೂ ಒಂದೇ ನಡಿಗೆಯನ್ನು ಬದಲಿಸುತ್ತದೆ. ನ್ಯಾಯವಾದ ಹೋಲಿಕೆ ಅದೇ ವ್ಯಕ್ತಿ, ಅದೇ ಶೂ, ಒಮ್ಮೆ ಅಟ್ಟೆಯೊಂದಿಗೆ, ಒಮ್ಮೆ ಅಟ್ಟೆಯಿಲ್ಲದೆ. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಮಕ್ಕಳ ಶೂಗೆ ಅಟ್ಟೆ ಹಾಕಿ ಪ್ರಯೋಗ ಮಾಡಬಾರದು. ಯೋಜನೆ ಬರೆದರೆ ಸಾಕು.

ಪಾಲಿಸಬೇಕಾದ ಎಚ್ಚರಿಕೆಗಳು

1. ಮುದ್ರೆಯ ಕಾಗದದ ಮೇಲೆ ಹೆಸರು ಬೇಡ, ಸಂಖ್ಯೆ ಸಾಕು. ಮುದ್ರೆಗಳನ್ನು ಗೋಡೆಗೆ ಅಂಟಿಸಬಾರದು.
2. ತರಗತಿಯಲ್ಲಿ ಯಾರ ತೂಕವನ್ನೂ ಅಳೆಯಬಾರದು. ಲೆಕ್ಕಕ್ಕೆ ಕಲ್ಪಿತ ತೂಕ ಸಾಕು.
3. ಕಾಲಿನ ಊನವಿರುವ, ಶೂ ಇಲ್ಲದ, ಪಾದ ತೋರಿಸಲು ಸಂಕೋಚಪಡುವ ಮಗುವಿಗೆ ಎಣಿಕೆ, ಲೆಕ್ಕ, ಸಮಯ ಬರೆಯುವ ಕೆಲಸವನ್ನು ಮೊದಲೇ ಕೊಟ್ಟಿರಬೇಕು. ಆಮೇಲೆ ‘ನೀನು ಬೇಡ’ ಎನ್ನುವಂತಾಗಬಾರದು.
4. ‘ರೋಗ’, ‘ದೋಷ’ ಎಂಬ ಪದಗಳನ್ನು ಬಳಸಬಾರದು. ‘ತಗ್ಗಿನ ಕಮಾನು’ ಎಂದರೆ ಸಾಕು. ಸೂಚ್ಯಂಕದ ಮಿತಿಗಳು ವಯಸ್ಕರ ಮುದ್ರೆಗಳಿಂದ ಬಂದವು. ಅದರಿಂದ ಮಗುವಿಗೆ ರೋಗನಿರ್ಣಯ ಮಾಡಲಾಗದು.

ಪೋಷಕರು ಕೇಳಿದಾಗ

ಓಡಿ ಆಡುವ, ನೋವಿಲ್ಲದ, ತುದಿಗಾಲಲ್ಲಿ ನಿಂತಾಗ ಕಮಾನು ಕಾಣುವ ಮಗುವಿಗೆ ಸಾಮಾನ್ಯವಾಗಿ ಯಾವ ಅಟ್ಟೆಯೂ ಬೇಕಿಲ್ಲ. 2022ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯೂ ನೋವಿಲ್ಲದ ಮಕ್ಕಳಿಗೆ ದುಬಾರಿ ಅಟ್ಟೆಯಿಂದ ಪ್ರಯೋಜನವಾಗುತ್ತದೆ ಎನ್ನಲು ಬಲವಾದ ಆಧಾರವನ್ನು ಕಾಣಲಿಲ್ಲ. ‘ಅಟ್ಟೆ ಹಾಕಿದರೆ ನೇಮಕಾತಿ ವೇಳೆಗೆ ಕಮಾನು ಬರುತ್ತದೆ’ ಎಂಬ ಭರವಸೆಯನ್ನು ಯಾವ ಹುಡುಗನಿಗೂ ಕೊಡಬಾರದು. ವೈದ್ಯರಿಗೆ ಬೇಗ ತೋರಿಸಿ, ಬೇರೆ ದಾರಿಗಳನ್ನೂ ಮುಂದಿಟ್ಟುಕೊಳ್ಳಲು ಹೇಳುವುದು ಹಿತ. ನೋವು, ಪೆಡಸುತನ, ಒಂದೇ ಪಾದದಲ್ಲಿ ಚಪ್ಪಟೆ, ಇತ್ತೀಚೆಗಷ್ಟೇ ತಗ್ಗಿದ ಕಮಾನು, ಪದೇ ಪದೇ ಎಡವುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅಂಥ ಮಗುವನ್ನು ಗಮನಕ್ಕೆ ತರುವುದು ಶಿಕ್ಷಕರ ಕೆಲಸ.

ದಿನವಿಡೀ ನಿಂತು ಪಾಠ ಮಾಡುವ ನಮಗೂ ಇದು ಸಲ್ಲುತ್ತದೆ. ನಡುವಯಸ್ಸಿನ ಬಳಿಕ, ಅದರಲ್ಲೂ ಮಹಿಳೆಯರಲ್ಲಿ, ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುರಜ್ಜು ಸೋತು ಇದ್ದ ಕಮಾನು ಕುಸಿಯುವುದುಂಟು. ಒಳಗಂಟಿನ ಹಿಂದೆ ನೋವು, ಊತ, ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತಲಾಗದಿರುವುದು ಇದರ ಸೂಚನೆಗಳು. ಇಂಥಲ್ಲಿ ವೈದ್ಯರು ಹೇಳಿದ ಒಳ ಅಟ್ಟೆ ಮತ್ತು ವ್ಯಾಯಾಮ ಎರಡೂ ಸೇರಿದರೆ ನಿಜವಾದ ಉಪಯೋಗವಿದೆ.

ಮೌಲ್ಯಮಾಪನ

1. ಹಿಂಭಾಗ 30, ನಡು 20, ಮುಂಭಾಗ 50 ಚ.ಸೆಂ.ಮೀ. ಇರುವ ಮುದ್ರೆಯ ಕಮಾನು ಸೂಚ್ಯಂಕವೆಷ್ಟು? ಯಾವ ವರ್ಗ?
2. ಹಿಮ್ಮಡಿ ಏಳುವಾಗ ಕಮಾನು ಏಕೆ ಏಳುತ್ತದೆ? ರಾಟೆಯ ಹೋಲಿಕೆಯಿಂದ ವಿವರಿಸಿ.
3. ‘ಎರಡು ವರ್ಷ ಒಳ ಅಟ್ಟೆ ಹಾಕಿದೆ, ಮಗಳ ಕಮಾನು ಬಂತು, ಆದುದರಿಂದ ಅಟ್ಟೆಯೇ ಕಾರಣ.’ ಈ ವಾದದಲ್ಲಿ ಏನು ಕೊರತೆಯಿದೆ?
4. ಶೇ 8.6 ಮತ್ತು ಶೇ 2.8 ಎಂಬ ಅಂಕಿಗಳನ್ನು 500 ಮಕ್ಕಳ ಲೆಕ್ಕಕ್ಕೆ ಪರಿವರ್ತಿಸಿ. ಈ ಅಂಕಿಗಳು ಏನನ್ನು ಹೇಳುವುದಿಲ್ಲ?

ವೀಕ್ಷಕ ಬೋಧಕರು ವಿಮರ್ಶೆಯಲ್ಲಿ ಮೂರು ಅಂಶಗಳಿಗೆ ಹೆಚ್ಚು ಅಂಕ ಇಡಬಹುದು: ಮೊದಲ ಅವಧಿಯ ಪ್ರಶ್ನೆಗೆ ಪ್ರಶಿಕ್ಷಣಾರ್ಥಿ ತಾನೇ ಉತ್ತರ ಹೇಳದೆ ಉಳಿಸಿಕೊಂಡರೇ, ಬಟ್ಟೆ ತೆಗೆದ ಕ್ಷಣದಲ್ಲಿ ಮಕ್ಕಳ ಮಾತಿಗೆ ಸಮಯ ಕೊಟ್ಟರೇ, ಯಾವ ಮಗುವಿನ ಪಾದವೂ ತರಗತಿಯ ನಗೆಗೆ ವಸ್ತುವಾಗದಂತೆ ನೋಡಿಕೊಂಡರೇ. ಮೂರನೆಯದು ತಪ್ಪಿದರೆ ಮೊದಲೆರಡರಿಂದ ಬಂದ ಲಾಭ ಉಳಿಯುವುದಿಲ್ಲ.